ದ್ವೀಪಗ್ರಾಮ: ಅತಿಥಿಯ ದೃಷ್ಟಿ, ಮನೆಯವರ ದೃಷ್ಟಿ

ಗ್ರೀಸ್ ದೇಶದ ಹೆಸರನ್ನು ಕೇಳಿದೊಡನೆ ನಮ್ಮ ಕಾಲೇಜುಗಳ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ನೆನಪಾಗುವುದು ಹೋಮರನ ಮಹಾಕಾವ್ಯಗಳು, ಅಥೆನ್ಸಿನ ಗಂಭೀರ ನಾಟಕಗಳು, ಪ್ಲೇಟೋ ಅರಿಸ್ಟಾಟಲರ ವಿಚಾರಗಳು. ಈ ಪರಿಚಯವನ್ನು ಕನ್ನಡಕ್ಕೆ ಆತ್ಮೀಯವಾಗಿ ತಂದುಕೊಟ್ಟವರಲ್ಲಿ ಬಿ. ಎಂ. ಶ್ರೀಕಂಠಯ್ಯನವರು ಅಗ್ರಗಣ್ಯರು. ಸೊಫೋಕ್ಲೀಸನ ‘ಏಜಾಕ್ಸ್’ ನಾಟಕವನ್ನು ಆಧರಿಸಿದ ‘ಅಶ್ವತ್ಥಾಮನ್’ 1929ರಲ್ಲಿಯೂ, ಈಸ್ಕಿಲಸನ ನಾಟಕದ ಅನುವಾದವಾದ ‘ಪಾರಸಿಕರು’ 1935ರಲ್ಲಿಯೂ ಬೆಳಕು ಕಂಡವು. ಈ ಎರಡು ಕೃತಿಗಳ ಮೂಲಗಳಿಗೂ ಒಂದೇ ದ್ವೀಪದ ನಂಟು ಇರುವುದನ್ನು ನಾವು ಅಷ್ಟಾಗಿ ಗಮನಿಸಿಲ್ಲ. ಏಜಾಕ್ಸ್ ಸಲಾಮಿಸ್ ದ್ವೀಪದ ಒಡೆಯ. ಪಾರಸಿಕರ ನೌಕಾಬಲ ನುಚ್ಚುನೂರಾದದ್ದು ಅದೇ ಸಲಾಮಿಸಿನ ಕಡಲಿನಲ್ಲಿ. ಕಥೆ ಮಹಾಭಾರತದ ಹಿನ್ನೆಲೆಗೆ ಬಂದುದರಿಂದ ಮೊದಲನೆಯದರಲ್ಲಿ ಆ ದ್ವೀಪ ಸಹಜವಾಗಿಯೇ ಮರೆಯಾಯಿತು. ಎರಡನೆಯದರಲ್ಲಿ ಅದು ದೂತನ ಮಾತಿನಲ್ಲಿ ಬರುವ ರಣರಂಗವಾಗಿ ಉಳಿಯಿತು. ಅಲ್ಲಿ ಬಲೆ ಹೆಣೆಯುವವರು, ಆಲಿವ್ ಕಾಯಿ ಉದುರಿಸುವವರು, ಮಗಳ ಮದುವೆಗೆ ಹಣ ಹೊಂದಿಸುವವರು ಇದ್ದಾರೆಂಬ ಭಾವನೆ ನಮ್ಮಲ್ಲಿ ಮೂಡುವುದಕ್ಕೆ ಕಾರಣವೇ ಬರಲಿಲ್ಲ.

ಈ ಖಾಲಿ ಜಾಗವನ್ನು ಬೇರೊಂದು ವಸ್ತು ಬಂದು ತುಂಬಿಕೊಂಡಿದೆ. ಸುಣ್ಣ ಬಳಿದ ಗೋಡೆ, ನೀಲಿ ಬಾಗಿಲು, ಬಿಸಿಲಿನಲ್ಲಿ ಮಲಗಿದ ಬೆಕ್ಕು, ಹಿಂದೆ ಕಡಲು: ಪ್ರವಾಸದ ಜಾಹೀರಾತುಗಳಲ್ಲಿ ಕಾಣುವ ‘ಸಾಂಪ್ರದಾಯಿಕ ದ್ವೀಪಗ್ರಾಮ’ ಇದು. ಈ ಚಿತ್ರ ಸುಳ್ಳೆಂದು ಹೇಳುವುದು ಅವಿವೇಕ. ಗೋಡೆ ಬಿಳಿಯೇ ಇದೆ, ಕಡಲು ನೀಲಿಯೇ ಇದೆ. ಆದರೆ ಚಿತ್ರದಲ್ಲಿರುವ ಮನೆ ಯಾರದು, ಯಾರಿಂದ ಯಾರಿಗೆ ಬಂದದ್ದು, ಅದನ್ನು ಪಡೆಯುವುದಕ್ಕೆ ಯಾರು ಏನನ್ನು ತೆತ್ತರು ಎಂಬ ಪ್ರಶ್ನೆಗಳಿಗೆ ಚಿತ್ರದಲ್ಲಿ ಎಡೆಯಿಲ್ಲ. ಸಾಹಿತ್ಯದಲ್ಲಿ ಎಡೆಯಿದೆಯೆ? ಪ್ರಕೃತ ಲೇಖನದಲ್ಲಿ ನಾವು ಈ ಒಂದು ಪ್ರಶ್ನೆಯನ್ನು ಹಿಡಿದು ಕೆಲವು ಕೃತಿಗಳನ್ನು ಪರಿಶೀಲಿಸುತ್ತೇವೆ. ಅವುಗಳಲ್ಲಿ ಎರಡು ಹೊರಗಿನಿಂದ ಬಂದು ದ್ವೀಪದಲ್ಲಿ ನೆಲಸಿದವರ ಬರಹಗಳು. ಒಂದು ಮಾತ್ರ ದ್ವೀಪದಲ್ಲಿಯೇ ಹುಟ್ಟಿದವನದು. ನಮ್ಮ ಚರ್ಚೆಯ ಬಹುಭಾಗ ಆ ಒಂದಕ್ಕೇ ಸಲ್ಲುವುದು ನ್ಯಾಯವೆಂದು ನಮ್ಮ ಭಾವನೆ.

ದ್ವೀಪಗಳನ್ನು ನೋಡಿಬಂದು ಬರೆಯುವ ಪರಂಪರೆ ಹಳೆಯದು. ಆಂಗ್ಲ ಪ್ರವಾಸಿ ಥಿಯೋಡರ್ ಬೆಂಟನು ತನ್ನ ಪತ್ನಿಯೊಡನೆ ಸೈಕ್ಲಡೀಸ್ ದ್ವೀಪಸಮೂಹವನ್ನು ಸುತ್ತಿ 1885ರಲ್ಲಿ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ಹಬ್ಬ, ಶವಸಂಸ್ಕಾರ, ದೆವ್ವದ ಕಥೆ, ಉಡುಪು ಎಲ್ಲವನ್ನೂ ಶ್ರದ್ಧೆಯಿಂದ ಗುರುತುಹಾಕಿಕೊಂಡ ಈ ಬರಹಗಾರನ ಮನಸ್ಸು ಮತ್ತೆ ಮತ್ತೆ ಪ್ರಾಚೀನದ ಕಡೆಗೆ ಓಡುತ್ತದೆ. ಹಳ್ಳಿಯ ಮುದುಕಿ ಹಾಡಿದ ಹಾಡು ಅವನಿಗೆ ಪ್ರಿಯವಾಗುವುದು ಅದರಲ್ಲಿ ಪುರಾತನ ಯವನರ ಪಳೆಯುಳಿಕೆ ಕಾಣುವುದರಿಂದ. ಇಂಥ ದೃಷ್ಟಿಯ ಪರಿಚಯ ನಮಗೂ ಇದೆ. ನಮ್ಮ ಜನಪದರನ್ನು ವೇದಕಾಲದ ಸಾಕ್ಷಿಗಳನ್ನಾಗಿ ಮಾತ್ರ ಕಂಡ ಪಾಶ್ಚಾತ್ಯ ವಿದ್ವಾಂಸರು ಕಡಿಮೆಯಿಲ್ಲ.

ಲಾರೆನ್ಸ್ ಡರೆಲ್ಲನದು ಬೇರೆ ಹದ. 1912ರಲ್ಲಿ ಜಲಂಧರದಲ್ಲಿ ಹುಟ್ಟಿದ ಈ ಕವಿ 1930ರ ದಶಕದ ಉತ್ತರಾರ್ಧದಲ್ಲಿ ಕಾರ್ಫು ದ್ವೀಪದಲ್ಲಿ, ಕಲಾಮಿ ಎಂಬ ಹಳ್ಳಿಯ ಕಡಲಂಚಿನ ಒಂದು ಬಿಳಿಯ ಮನೆಯಲ್ಲಿ ವಾಸವಾಗಿದ್ದನು. ಯುದ್ಧ ಬಂದು ದ್ವೀಪವನ್ನು ತೊರೆದ ಮೇಲೆ ಅಲೆಕ್ಸಾಂಡ್ರಿಯದಲ್ಲಿ ಕುಳಿತು ಬರೆದ ‘ಪ್ರಾಸ್ಪೆರೋಸ್ ಸೆಲ್’ ಎಂಬ ಪುಸ್ತಕ 1945ರಲ್ಲಿ ಪ್ರಕಟವಾಯಿತು. ಹೊರನೋಟಕ್ಕೆ ಅದೊಂದು ದಿನಚರಿ. ಒಳಗೆ ಅದೊಂದು ವಿರಹಗೀತ. ಕಳೆದುಹೋದ ಮನೆಯನ್ನು ನೆನೆಯುವವನಿಗೆ ಆ ಮನೆಯ ಕಲ್ಲು ಕಲ್ಲೂ ಬೆಳಗುತ್ತದೆ. ಕಾರ್ಫುವಿನ ಬೆಳಕು, ಆಲಿವ್ ತೋಪುಗಳು, ದೀಪ ಕಟ್ಟಿಕೊಂಡು ರಾತ್ರಿ ಮೀನಿಗೆ ಹೋಗುವ ದೋಣಿಗಳು ಇವನ್ನು ಇಷ್ಟು ಸೊಗಸಾಗಿ ಬಣ್ಣಿಸಿದ ಗದ್ಯ ಇಂಗ್ಲಿಷಿನಲ್ಲಿ ವಿರಳ. ನೆರಳಿನ ಬೊಂಬೆಯಾಟದ ನಾಯಕನಾದ ಕಾರಗಿಯೋಜಿಸನ ಬಗೆಗೆ ಬರುವ ಅಧ್ಯಾಯವಂತೂ ತೊಗಲುಬೊಂಬೆಯಾಟವನ್ನು ಕಂಡುಂಡ ಕನ್ನಡಿಗರಿಗೆ ವಿಶೇಷವಾಗಿ ಹಿಡಿಸುತ್ತದೆ. ಹಸಿದ, ಗೂನುಬೆನ್ನಿನ, ಎಲ್ಲರನ್ನೂ ಮೋಸಗೊಳಿಸಿ ತಾನೂ ಪೆಟ್ಟು ತಿನ್ನುವ ಆ ಬೊಂಬೆಗೆ ನಮ್ಮ ಪರದೆಯ ಮೇಲಿನ ಕಿಳ್ಳೆಕ್ಯಾತ ದೂರದವನಲ್ಲ.

ಆದರೂ ಪುಸ್ತಕವನ್ನು ಮುಚ್ಚಿದಾಗ ಒಂದು ಅತೃಪ್ತಿ ಉಳಿಯುತ್ತದೆ. ಅದರ ಮೂಲವನ್ನು ಹುಡುಕುತ್ತ ಹೋದರೆ ನಾವು ಗ್ರಂಥದ ಅನುಬಂಧಕ್ಕೆ ಬರುತ್ತೇವೆ. ಅಲ್ಲಿ ಪ್ರವಾಸಿಗಳ ಉಪಯೋಗಕ್ಕೆಂದು ಅನೇಕ ವಿಷಯಗಳನ್ನು ಕೊಟ್ಟು, ಹಳ್ಳಿಗರು ಬಳಸುವ ನಾಟಿ ಔಷಧಿಗಳನ್ನೂ ಪಟ್ಟಿಮಾಡಿದೆ. ಪಟ್ಟಿ ಸ್ವಾರಸ್ಯವಾಗಿದೆ. ಆದರೆ ಬೆಟ್ಟ ಹತ್ತಿ ಆ ಮೂಲಿಕೆಗಳನ್ನು ಕಿತ್ತು ತಂದವರಾರು, ಅವಳಿಗೆ ಯಾರು ಎಷ್ಟು ಕೊಟ್ಟರು, ಆ ಕಾಸಿನಿಂದ ಅವಳು ಏನು ಮಾಡಿದಳು? ಡರೆಲ್ಲನು ಬಡತನವನ್ನು ಕಾಣದವನಲ್ಲ. ಆದರೆ ಅವನ ಗದ್ಯದಲ್ಲಿ ವಸ್ತುಗಳಿಗೆ ಬಣ್ಣವಿದ್ದಷ್ಟು ಬೆಲೆಯಿಲ್ಲ. ಬೆಲೆ ಎಂಬ ಮಾತನ್ನು ನಾವಿಲ್ಲಿ ಸಂತೆಯ ಅರ್ಥದಲ್ಲಿಯೇ ಬಳಸುತ್ತಿದ್ದೇವೆ.

ಮೂಲಿಕೆಗಳನ್ನು ಕಿತ್ತು ತಂದ ಆ ಮುದುಕಿಯ ಕಥೆಯನ್ನು ಡರೆಲ್ಲನಿಗಿಂತ ನಾಲ್ಕು ದಶಕಗಳ ಹಿಂದೆಯೇ ಬೇರೊಬ್ಬನು ಬರೆದಿದ್ದನು. ಅಲೆಕ್ಸಾಂಡ್ರೊಸ್ ಪಾಪಾದಿಯಾಮಾಂದಿಸ್ ಹುಟ್ಟಿದ್ದು 1851ರಲ್ಲಿ, ಸ್ಕಿಯಾಥೋಸ್ ಎಂಬ, ಸುಮಾರು 50 ಚದರ ಕಿಲೋಮೀಟರ್ ವಿಸ್ತಾರದ ಸಣ್ಣ ದ್ವೀಪದಲ್ಲಿ. ತಂದೆ ಊರಿನ ಪಾದ್ರಿ. ಮಗ ಅಥೆನ್ಸಿಗೆ ಹೋಗಿ ಓದು ಮುಗಿಸದೆ ಪತ್ರಿಕೆಗಳಿಗೆ ಕಥೆ ಬರೆದು, ಫ್ರೆಂಚ್ ಇಂಗ್ಲಿಷ್ ಭಾಷೆಗಳಿಂದ ಅನುವಾದ ಮಾಡಿ ಬಡತನದಲ್ಲಿ ಬದುಕಿದನು. ಡಾಸ್ಟೊಯೆವ್‌ಸ್ಕಿಯ ‘ಅಪರಾಧ ಮತ್ತು ಶಿಕ್ಷೆ’ಯನ್ನು 1889ರಲ್ಲಿ ಫ್ರೆಂಚಿನ ಮೂಲಕ ಗ್ರೀಕಿಗೆ ತಂದವನೂ ಇವನೇ. ಇವನ ಮುಖ್ಯ ಕೃತಿಯಾದ ‘ಫೋನಿಸ್ಸಾ’, ಎಂದರೆ ‘ಕೊಲೆಗಾತಿ’, 1903ರಲ್ಲಿ ‘ಪಾನಾಥಿನಯಾ’ ಎಂಬ ಪತ್ರಿಕೆಯಲ್ಲಿ ಕಂತುಗಳಾಗಿ ಪ್ರಕಟವಾಯಿತು. ಪೀಟರ್ ಲೀವಿಯ ಇಂಗ್ಲಿಷ್ ಅನುವಾದ 1983ರಲ್ಲಿ ಬಂದಿತು. (ಅದೇ 1903ರಲ್ಲಿಯೇ ಆಕ್ಸಿರಿಂಕಸ್ ಪಪೈರಸ್‌ಗಳ ಮೂರನೆಯ ಸಂಪುಟ ಹೊರಬಿದ್ದು, ಅದರಲ್ಲಿದ್ದ ಗ್ರೀಕ್ ಪ್ರಹಸನದ ವಿದೇಶೀ ಮಾತುಗಳು ಕನ್ನಡವೆ ಎಂಬ ವಾದ ಮರುವರ್ಷವೇ ಹುಟ್ಟಿಕೊಂಡಿತು. ಅಲ್ಲಿ ಗ್ರೀಕ್ ಹೆಣ್ಣೊಬ್ಬಳು ಭಾರತದ ಕಡಲತೀರದಲ್ಲಿ ಸೆರೆಯಾಗಿದ್ದಾಳೆ. ಆ ವಾದ ಇಂದಿಗೂ ಇತ್ಯರ್ಥವಾಗದಿದ್ದರೂ, ನಮ್ಮ ತೀರವನ್ನು ಅತಿಥಿಯ ಕಣ್ಣಿನಿಂದ ಕಂಡ ಯವನರ ನಗೆಯನ್ನು ನೆನೆದಾಗ, ಚಿತ್ರಕ್ಕೆ ಸಿಕ್ಕವರ ಪಾಡು ಎಂಥದೆಂಬುದು ನಮಗೆ ಅರ್ಥವಾಗುತ್ತದೆ.)

‘ಕೊಲೆಗಾತಿ’ಯ ಕಥಾವಸ್ತುವನ್ನು ಸಂಗ್ರಹಿಸಿ ಹೇಳುವುದು ಅವಶ್ಯಕ. ಹದೂಲಾ ಎಂಬುದು ನಾಯಿಕೆಯ ಹೆಸರು. ಆದರೆ ಊರಿನವರಿಗೆ ಅವಳು ಫ್ರಾಂಗೊಯಾನ್ನೂ, ಎಂದರೆ ಯಾನಿಸ್ ಫ್ರಾಂಗೋಸನ ಹೆಂಡತಿ. ವಯಸ್ಸು ಅರುವತ್ತರ ಹತ್ತಿರ. ಮಗಳು ದೆಲ್ಹಾರೊಳ ಬಾಣಂತನ. ಹುಟ್ಟಿರುವುದು ಹೆಣ್ಣುಕೂಸು, ಅದಕ್ಕೂ ಕಾಯಿಲೆ. ಅಜ್ಜಿ ರಾತ್ರಿಯಿಡೀ ತೊಟ್ಟಿಲ ಬಳಿ ನಿದ್ದೆಗೆಟ್ಟು ಕುಳಿತಿದ್ದಾಳೆ. ಆ ಎಚ್ಚರದಲ್ಲಿ ಅವಳ ಬಾಳೆಲ್ಲ ಕಣ್ಣೆದುರು ಸುಳಿಯುತ್ತದೆ. ಹುಡುಗಿಯಾಗಿದ್ದಾಗ ತಂದೆತಾಯಿಗಳ ಸೇವೆ, ಮದುವೆಯಾದ ಮೇಲೆ ಗಂಡನ ಸೇವೆ, ಹೆತ್ತ ಮೇಲೆ ಮಕ್ಕಳ ಸೇವೆ, ಈಗ ಮೊಮ್ಮಕ್ಕಳದು. ಗಂಡುಮಕ್ಕಳಲ್ಲಿ ಹಿರಿಯರು ಅಮೆರಿಕೆಗೆ ಹೋಗಿ ಅಲ್ಲಿಯೇ ಮರೆಯಾದರು. ಒಬ್ಬ ಕೊಲೆ ಮಾಡಿ ಸೆರೆಯಲ್ಲಿದ್ದಾನೆ. ಮದುವೆಯಿಲ್ಲದ ಮಗಳು ಅಮೆರ್ಸಾ ಮಗ್ಗದ ಮುಂದೆ ಕುಳಿತಿದ್ದಾಳೆ. ಈ ಕೂಸೂ ಬೆಳೆಯಬೇಕು, ಇದಕ್ಕೂ ಕೊಡಬೇಕು, ಇದೂ ಸೇವೆ ಮಾಡಬೇಕು. ಬೆಳಗಿನ ಜಾವ ಅವಳ ಕೈ ಕೂಸಿನ ಕೊರಳಿಗೆ ಹೋಗುತ್ತದೆ. ಮೊದಲನೆಯ ಕೊಲೆ ಅವಳಿಗೂ ಅರಿವಾಗುವ ಮುನ್ನ ನಡೆದುಹೋಗುತ್ತದೆ. ಬಳಿಕ ಅವಳು ಒಂದು ಗುಡಿಯಲ್ಲಿ ಸಂತ ಯೋಹಾನನನ್ನು ಗುರುತು ತೋರಿಸೆಂದು ಬೇಡುತ್ತಾಳೆ. ಅನಂತರ ತೋಟದ ತೊಟ್ಟಿಯ ಬಳಿ ಆಡುತ್ತಿದ್ದ ಇಬ್ಬರು ಪುಟ್ಟ ಹುಡುಗಿಯರು ಅವಳಿಗೆ ಆ ಗುರುತಾಗಿ ಕಾಣುತ್ತಾರೆ. ಸಂಶಯ ಬಂದು ಪೋಲೀಸಿನವರು ಬೆನ್ನುಹತ್ತಿದಾಗ ಅವಳು ಬೆಟ್ಟಕ್ಕೆ ಓಡುತ್ತಾಳೆ. ಕೊನೆಗೆ ಸಂತ ಸೋಸ್ತಿಸನ ಗುಡಿಯಿರುವ ಬಂಡೆಯಲ್ಲಿ ವಾಸಿಸುವ ಸಂನ್ಯಾಸಿಯೊಬ್ಬನ ಬಳಿ ಪಾಪನಿವೇದನೆ ಮಾಡಬೇಕೆಂದು ಹೊರಟು, ನೆಲಕ್ಕೂ ಬಂಡೆಗೂ ನಡುವಣ ಮರಳಿನ ದಾರಿಯಲ್ಲಿ ಉಕ್ಕಿಬಂದ ನೀರಿಗೆ ಸಿಕ್ಕಿ ಮುಳುಗುತ್ತಾಳೆ.

ಇದಕ್ಕೆ ಕೃತಿಕಾರನು ಕೊಟ್ಟ ಉಪಶೀರ್ಷಿಕೆ ‘ಸಾಮಾಜಿಕ ಕಾದಂಬರಿ’. ಈ ಎರಡು ಮಾತುಗಳನ್ನು ಹಿಡಿದು ಕೆಲವರು ಇದನ್ನು ಸಮಾಜಸುಧಾರಣೆಯ ಕೃತಿಯೆಂದು ಓದುತ್ತಾರೆ. ಇನ್ನು ಕೆಲವರು, 1883ರಲ್ಲಿ ‘ಎಸ್ತಿಯಾ’ ಪತ್ರಿಕೆ ನಡೆಸಿದ ಕಥಾಸ್ಪರ್ಧೆಯಿಂದ ಬಲಗೊಂಡ, ಹಳ್ಳಿಯ ರೀತಿನೀತಿಗಳನ್ನು ಚಿತ್ರಿಸುವ ಪಂಥದ ಒಂದು ಮಾದರಿಯೆಂದು ಪಕ್ಕಕ್ಕಿಡುತ್ತಾರೆ. ಎರಡೂ ಅರೆನೋಟಗಳು. ಸುಧಾರಕನಾಗಿದ್ದರೆ ಪಾಪಾದಿಯಾಮಾಂದಿಸ್ ನಮ್ಮ ಕನಿಕರವನ್ನು ಸುಲಭವಾಗಿ ಸೆಳೆಯುವಂಥ ನಾಯಿಕೆಯನ್ನು ತಂದು ನಿಲ್ಲಿಸುತ್ತಿದ್ದನು. ಇವಳೋ ತಾಯಿ ಬಚ್ಚಿಟ್ಟ ಹಣವನ್ನು ಕದ್ದವಳು, ಲೆಕ್ಕ ತಿಳಿಯದ ಗಂಡನ ಕೂಲಿಯನ್ನು ತಾನೇ ಕೈಗೆ ತೆಗೆದುಕೊಂಡವಳು, ಜಾಣೆ, ಕಠಿನೆ, ಊರಿಗೆಲ್ಲ ಮದ್ದು ಕೊಡುವವಳು. ಬರಿಯ ರೀತಿನೀತಿಗಳ ಚಿತ್ರಕಾರನಾಗಿದ್ದರೆ ಆ ರೀತಿನೀತಿಗಳು ಒಬ್ಬ ಹೆಂಗಸಿನ ತಲೆಯೊಳಗೆ ಹೊಕ್ಕು ಅಲ್ಲಿ ಏನಾಗುತ್ತವೆ ಎಂಬುದನ್ನು ಅವನು ಬೆನ್ನಟ್ಟುತ್ತಿರಲಿಲ್ಲ. ಕೊಲೆಯ ಕ್ಷಣಕ್ಕೆ ಅವನು ಬಳಸಿರುವುದು ಬುದ್ಧಿ ಎತ್ತರಕ್ಕೇರಿತೆಂಬ ಅರ್ಥದ ಒಂದು ಗ್ರಾಮ್ಯ ನುಡಿ. ಹುಚ್ಚು ಹಿಡಿಯಿತೆಂಬುದೇ ಅದರ ಇಂಗಿತ. ಆದರೆ ಏರುವಿಕೆಯಲ್ಲಿ ದರ್ಶನದ ಛಾಯೆಯೂ ಉಂಟಷ್ಟೆ! ಅವಳು ಕಂಡದ್ದು ಸುಳ್ಳಲ್ಲ, ಮಾಡಿದ್ದು ಘೋರ. ಇವೆರಡನ್ನೂ ಒಂದೇ ಮಾತಿನಲ್ಲಿ ಹಿಡಿದ ಕೃತಿಕಾರನು ಮುಂದೆ ಯಾವುದನ್ನೂ ಸಡಿಲಿಸುವುದಿಲ್ಲ.

ಅವಳು ಕಂಡದ್ದೇನು? ಇಲ್ಲಿ ದ್ವೀಪದ ವ್ಯವಸ್ಥೆಯನ್ನು ಕುರಿತು ಎರಡು ಮಾತು. ಈಜಿಯನ್ ದ್ವೀಪಗಳಲ್ಲಿ ಹೆಣ್ಣಿಗೆ ಮದುವೆಯಾಗುವಾಗ ಆಸ್ತಿಯನ್ನು ಕೊಟ್ಟು ಕಳುಹಿಸುವುದು ವಾಡಿಕೆ. ಅದರಲ್ಲಿ ಮನೆಯೂ ಸೇರುವುದು ಅನೇಕ ದ್ವೀಪಗಳ ವಿಶೇಷ. ಕಾದಂಬರಿಯಲ್ಲಿ ಬರುವಂತೆ ಮನೆ, ದ್ರಾಕ್ಷಿತೋಟ, ಹೊಲ, ಆಲಿವ್ ತೋಪುಗಳ ಮೇಲೆ ರೊಕ್ಕವನ್ನೂ ಕೇಳುವ ಕಾಲ ಬಂದಿತ್ತು. ಬಡವನಾಗಲಿ ವಿಧವೆಯಾಗಲಿ ಇದರಿಂದ ತಪ್ಪಿಸಿಕೊಳ್ಳುವಂತಿರಲಿಲ್ಲ. ನಾಲ್ಕು ಹೆಣ್ಣು ಹುಟ್ಟಿದ ಮನೆಯ ಗತಿಯನ್ನು ಓದುಗರು ಊಹಿಸಬಹುದು. ಹದೂಲಾಳಿಗೆ ಅವಳ ತಂದೆತಾಯಿಗಳು ಕೊಟ್ಟದ್ದು ಜನ ಬಿಟ್ಟುಹೋದ ಹಳೆಯ ಕೋಟೆಯೂರಿನಲ್ಲಿ ಒಂದು ಮನೆ, ದೂರದಲ್ಲಿ ಒಂದು ಒರಟು ಹೊಲ. ಒಳ್ಳೆಯದನ್ನೆಲ್ಲ ತಮಗೂ ಮಗನಿಗೂ ಉಳಿಸಿಕೊಂಡರು. ಆ ಕೋಟೆಯೂರು ಕಲ್ಪನೆಯದಲ್ಲ. ಸ್ಕಿಯಾಥೋಸಿನ ಉತ್ತರ ತುದಿಯ ಕಡಿದಾದ ಬಂಡೆಯ ಮೇಲೆ ಕಡಲ್ಗಳ್ಳರ ಭಯದಿಂದ ಶತಮಾನಗಳ ಕಾಲ ಜನ ವಾಸವಾಗಿದ್ದು, ಗ್ರೀಸ್ ಸ್ವತಂತ್ರವಾದ ಸಂದರ್ಭದಲ್ಲಿ, 1829ರ ಸುಮಾರಿಗೆ, ಅದನ್ನು ತೊರೆದು ಕೆಳಗಿನ ಬಂದರಿಗೆ ಇಳಿದರು. ಇಂದು ಅಲ್ಲಿ ಕೆಲವು ಗುಡಿಗಳೂ ಪಾಳುಗೋಡೆಗಳೂ ಉಳಿದಿವೆ. ಪ್ರವಾಸಿಗಳು ದೋಣಿಯಲ್ಲಿ ಹೋಗಿ ನೋಡಿ ಬರುತ್ತಾರೆ. ಅತಿಥಿಗೆ ಅದು ರಮ್ಯವಾದ ಪಾಳು. ಹದೂಲಾಳಿಗೆ ಅದು ತಂದೆತಾಯಿಗಳು ಮಾಡಿದ ಮೋಸ. ಒಂದೇ ಕಲ್ಲಿನ ಗೋಡೆ ಎರಡು ಭಾಷೆಗಳಲ್ಲಿ ಮಾತನಾಡುವುದನ್ನು ಇಲ್ಲಿ ನಾವು ಕೇಳುತ್ತೇವೆ.

ಈ ಕಾದಂಬರಿಯ ಅತ್ಯಂತ ಸೋಜಿಗದ ಗುಣವೆಂದು ನಮಗೆ ತೋರುವುದು ಅದರ ಪ್ರಕೃತಿವರ್ಣನೆ. ಮೊದಲರ್ಧ ಬಹುಮಟ್ಟಿಗೆ ಇಕ್ಕಟ್ಟಾದ ಒಂದು ಕೋಣೆಯಲ್ಲಿ, ಮಿಣುಕುವ ದೀಪದ ಬಳಿಯಲ್ಲಿ ನಡೆಯುತ್ತದೆ. ಕಡಲು ಹೊರಗೆಲ್ಲೋ ಇದೆ. ಕಣಿವೆ, ತೊರೆ, ಊಟೆ, ಬಂಡೆ, ಮೂಲಿಕೆಯ ಪರಿಮಳ, ಮೇಲಿನಿಂದ ಕಾಣುವ ನೀಲಿ ಇವೆಲ್ಲ ತಮ್ಮ ಪೂರ್ಣ ಚೆಲುವಿನಿಂದ ತೆರೆದುಕೊಳ್ಳುವುದು ಅವಳು ತಲೆತಪ್ಪಿಸಿಕೊಂಡು ಓಡುವಾಗ. ಇದು ಆಕಸ್ಮಿಕವಲ್ಲ. ನಾವು ಪ್ರವಾಸಕಥನಗಳಲ್ಲಿ ಮೆಚ್ಚುವ ದೃಶ್ಯಗಳೇ ಇಲ್ಲಿಯೂ ಬರುತ್ತವೆ. ಆದರೆ ನೋಡುವವಳಿಗೆ ಕುಳಿತು ನೋಡುವ ಬಿಡುವಿಲ್ಲ. ಈ ಪೊದೆಯಲ್ಲಿ ಅಡಗಬಹುದೆ, ಈ ಜಾಡಿನಲ್ಲಿ ಮುದುಕಿಯ ಕಾಲು ನಿಲ್ಲುವುದೆ, ಈ ಕುರುಬನ ಗುಡಿಸಲಲ್ಲಿ ರೊಟ್ಟಿ ಸಿಕ್ಕೀತೆ ಎಂಬ ಎಣಿಕೆಯಲ್ಲಿಯೇ ಅವಳು ಬೆಟ್ಟವನ್ನು ಓದುತ್ತಾಳೆ. ಬಾಳೆಲ್ಲ ಮದ್ದಿನ ಸೊಪ್ಪಿಗಾಗಿ ಅಲೆದ ದಾರಿಗಳಾದುದರಿಂದಲೇ ಅವಳಿಗೆ ಅವು ತಿಳಿದಿವೆ, ಪೋಲೀಸಿನವರಿಗೆ ತಿಳಿದಿಲ್ಲ. ಹೀಗೆ ವರ್ಣನೆಯ ಒಂದೊಂದು ಅಂಶವೂ ಕಥೆಯ ಕೆಲಸವನ್ನು ಮಾಡುತ್ತದೆ. ನಮ್ಮ ಅಲಂಕಾರಿಕರು ಉದ್ದೀಪನವಿಭಾವವೆಂದು ಕರೆದದ್ದು ಇಲ್ಲಿ ತಲೆಕೆಳಗಾಗಿದೆಯೆಂದೇ ಹೇಳಬಹುದು: ತಂಗಾಳಿ, ತಿಳಿನೀರು, ಹೂವು ಎಲ್ಲ ಇವೆ, ಅವು ಉದ್ದೀಪಿಸುವುದು ಭಯಾನಕವನ್ನು. ಚೆಲುವು ಅವಳನ್ನು ಸಂತೈಸುವುದೂ ಇಲ್ಲ, ಖಂಡಿಸುವುದೂ ಇಲ್ಲ. ಅದು ಸುಮ್ಮನೆ ಇದೆ. ಆ ಸುಮ್ಮನಿರುವಿಕೆಯನ್ನು ಸಹಿಸುವುದು ಓದುಗನಿಗೆ ಕಷ್ಟ.

ಇಲ್ಲೊಂದು ಆಕ್ಷೇಪ ಬರಬಹುದು. ಒಂದು ದಿನಚರಿಯನ್ನೂ ಒಂದು ಕಾದಂಬರಿಯನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ನ್ಯಾಯವೆ? ಪ್ರಕಾರಗಳು ಬೇರೆ, ಉದ್ದೇಶಗಳು ಬೇರೆ. ಇದು ಒಪ್ಪತಕ್ಕ ಮಾತೇ. ಆದಕಾರಣ ನಡುವಣ ಒಂದು ಕೃತಿಯನ್ನು ನೋಡುವುದು ಲೇಸು. ಆಸ್ಟ್ರೇಲಿಯದ ಲೇಖಕಿ ಚಾರ್ಮಿಯನ್ ಕ್ಲಿಫ್ಟ್ 1954ರ ಕೊನೆಯಲ್ಲಿ ಗಂಡ ಮತ್ತು ಇಬ್ಬರು ಮಕ್ಕಳೊಡನೆ ಕಾಲಿಮ್ನೋಸ್ ದ್ವೀಪಕ್ಕೆ ಬಂದು, ಮರುವರ್ಷ ಹೈಡ್ರಾ ದ್ವೀಪಕ್ಕೆ ತೆರಳುವವರೆಗೆ ಅಲ್ಲಿದ್ದರು. ಆ ಅನುಭವದ ಫಲ ‘ಮರ್ಮೇಡ್ ಸಿಂಗಿಂಗ್’, 1956. ಕಾಲಿಮ್ನೋಸ್ ಸ್ಪಂಜು ತೆಗೆಯುವವರ ದ್ವೀಪ. ಈಸ್ಟರ್ ಹಬ್ಬವಾದ ಮೇಲೆ ಗಂಡಸರು ಆಫ್ರಿಕದ ಕರಾವಳಿಯ ಕಡೆಗೆ ಹೊರಟು ಶರತ್ಕಾಲದಲ್ಲಿ ಹಿಂದಿರುಗುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮುಳುಗುಡುಪು ಬಳಕೆಗೆ ಬಂದ ಮೇಲೆ ಆಳ ಹೆಚ್ಚಿತು, ಗಳಿಕೆಯೂ ಹೆಚ್ಚಿತು. ಆಳದಿಂದ ಅವಸರವಾಗಿ ಮೇಲೇರಿದವರ ರಕ್ತದಲ್ಲಿ ಗಾಳಿಯ ಗುಳ್ಳೆಗಳು ಸೇರಿ ಕೈಕಾಲು ಬಿದ್ದುಹೋಗುವುದೂ ಸಾವೂ ಹೆಚ್ಚಿದವು. ಹೊರಡುವ ಮುನ್ನ ಮುಂಗಡ ಕೊಡುತ್ತಿದ್ದರು. ಹೆಂಡತಿ ಮಕ್ಕಳು ಬೇಸಗೆಯನ್ನು ಕಳೆಯಬೇಕಾದದ್ದು ಆ ಹಣದಿಂದ. ಕ್ಲಿಫ್ಟ್‌ಳ ಬರಹವೂ ಅತಿಥಿಯದೇ. ಆದರೆ ಅವಳು ಹೆಂಗಸಾದುದರಿಂದ ಒಳಮನೆಗೆ ಪ್ರವೇಶ ದೊರೆಯಿತು. ಮಕ್ಕಳೊಂದಿಗಳಾದುದರಿಂದ ಹಾಲು, ಜ್ವರ, ಸೌದೆಗಳ ಚಿಂತೆ ಅವಳಿಗೂ ತಟ್ಟಿತು. ಆದ್ದರಿಂದ ಅವಳ ಪುಸ್ತಕದಲ್ಲಿ ಕಡಲಿಗೆ ಬಣ್ಣದ ಜೊತೆಗೆ ಬೆಲೆಯೂ ಇದೆ. ಹೀಗಿರಲು, ಕೊರತೆಯಿರುವುದು ಪ್ರವಾಸಕಥನವೆಂಬ ಪ್ರಕಾರದಲ್ಲಿ ಎಂದು ಹೇಳುವಂತಿಲ್ಲ. ಮನೆಯ ಯಾವ ಬಾಗಿಲಿನಿಂದ ಒಳಗೆ ಹೋದೆವೆಂಬುದರ ಮೇಲೆ ಕಾಣುವುದು ಅವಲಂಬಿಸುತ್ತದೆ.

ಮತ್ತೊಂದು ತೊಡಕನ್ನೂ ಮುಚ್ಚಿಡಬಾರದು. ಪಾಪಾದಿಯಾಮಾಂದಿಸನನ್ನು ನಾವು ‘ಮನೆಯವನು’ ಎಂದು ಕರೆದೆವು. ಆದರೆ ಅವನ ಬರವಣಿಗೆಯ ಬಹುಭಾಗ ನಡೆದದ್ದು ಅಥೆನ್ಸಿನಲ್ಲಿ. ದ್ವೀಪಕ್ಕೆ ಅವನು ಖಾಯಮ್ಮಾಗಿ ಮರಳಿದ್ದು 1908ರಲ್ಲಿ. 1911ರ ಜನವರಿಯಲ್ಲಿ ತೀರಿಕೊಂಡನು. ಡರೆಲ್ಲನಂತೆ ಅವನೂ ದೂರದಿಂದ ನೆನೆದೇ ಬರೆದನು. ಅವನ ಅನೇಕ ಸಣ್ಣಕಥೆಗಳಲ್ಲಿ, ವಿಶೇಷವಾಗಿ ಕ್ರಿಸ್‌ಮಸ್ ಈಸ್ಟರ್‌ಗಳಿಗೆಂದು ಪತ್ರಿಕೆಗಳಿಗೆ ಬರೆದವುಗಳಲ್ಲಿ, ಊರಿನ ಹಂಬಲ ಸಾಕಷ್ಟು ಸಿಹಿಯಾಗಿಯೇ ಇದೆ. ಕವಿ ಓಡಿಸ್ಸಿಯಸ್ ಎಲಿಟಿಸ್ 1976ರಲ್ಲಿ ಇವನ ಮಾಂತ್ರಿಕತೆಯನ್ನು ಕುರಿತೇ ಒಂದು ಪುಸ್ತಕವನ್ನು ಬರೆದುದು ಸಹಜವಾಗಿದೆ. ಹಾಗಾದರೆ ವ್ಯತ್ಯಾಸವೆಲ್ಲಿ? ನಮ್ಮ ಅಭಿಪ್ರಾಯದಲ್ಲಿ ಅದು ದೂರ ಸಮೀಪಗಳ ಮಾತಲ್ಲ, ಋಣದ ಮಾತು. ಪಾದ್ರಿಯ ಮನೆಯಲ್ಲಿ ಅಕ್ಕತಂಗಿಯರೊಡನೆ ಬೆಳೆದವನಿಗೆ ಹೆಣ್ಣು ಕೊಡುವ ಲೆಕ್ಕ ಹೊರಗಿನ ವಿಷಯವಾಗಿರಲಿಲ್ಲ. ಡರೆಲ್ಲನಿಗೆ ದ್ವೀಪ ಕೊಟ್ಟದ್ದೇ ಹೆಚ್ಚು. ಅವನಿಂದ ಅದು ಬಾಡಿಗೆಯನ್ನಲ್ಲದೆ ಬೇರೇನನ್ನೂ ಕೇಳಲಿಲ್ಲ.

ಇಂಥ ಕೃತಿಯನ್ನು ಓದುವಾಗ ಕನ್ನಡ ವಾಚಕರಿಗೆ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ನೆನಪಾಗದಿರದು. ಅಲ್ಲಿಯೂ ಕಡಲಂಚಿನ ಊರು, ಅಲ್ಲಿಯೂ ಪಾರೋತಿ ಸರಸೋತಿಯರ ಬಿಡುವಿಲ್ಲದ ಮೈದುಡಿಮೆ. ಅವರಿಗೆ ಕಡಲು ನೋಟಕ್ಕಿಂತ ಹೆಚ್ಚಾಗಿ ಬೆನ್ನ ಹಿಂದಿನ ಸದ್ದು. ಹೋಲಿಕೆ ಇಷ್ಟಕ್ಕೇ ನಿಲ್ಲುತ್ತದೆ. ಕಾರಂತರಲ್ಲಿ ನೆಲ ಮೂರನೆಯ ತಲೆಮಾರಿನವನನ್ನು ಕರೆದು ಸೇರಿಸಿಕೊಳ್ಳುತ್ತದೆ. ದುಡಿಮೆಗೆ ಅಲ್ಲೊಂದು ಸಾರ್ಥಕ್ಯವಿದೆ. ಹದೂಲಾಳೂ ಕಟ್ಟಕಡೆಗೆ ತನ್ನ ನೆಲವನ್ನು ಕಾಣುತ್ತಾಳೆ. ಉಪ್ಪುನೀರು ಬಾಯಿಗೆ ಬರುತ್ತಿರುವಾಗ ಅವಳ ಕಣ್ಣಿಗೆ ಬೀಳುವುದು ದೂರದ ದಡದಲ್ಲಿರುವ, ಹೆತ್ತವರು ಅವಳಿಗೆ ಮದುವೆಯಲ್ಲಿ ಕೊಟ್ಟ ಆ ಒರಟು ಹೊಲವೇ. ದೈವನ್ಯಾಯಕ್ಕೂ ಮಾನವನ್ಯಾಯಕ್ಕೂ ನಡುದಾರಿಯಲ್ಲಿ ಅವಳು ಸತ್ತಳೆಂಬ ಅರ್ಥದ ಕೊನೆಯ ನಿರೂಪಣೆಯನ್ನು ವಿಮರ್ಶಕರು ಬಹಳವಾಗಿ ಚರ್ಚಿಸಿದ್ದಾರೆ. ಅದಕ್ಕಿಂತ ಒಂದು ಹೆಜ್ಜೆ ಹಿಂದಿನ ಈ ನೋಟಕ್ಕೆ ಸಲ್ಲಬೇಕಾದ ಗಮನ ಸಂದಿಲ್ಲ. ನ್ಯಾಯದ ಮಾತು ನಿರೂಪಕನದು. ಹೊಲದ ಮಾತು ಅವಳದು.

ಸ್ಕಿಯಾಥೋಸ್ ಇಂದು ಬೇರೆಯಾಗಿದೆ. 1972ರಲ್ಲಿ ವಿಮಾನನಿಲ್ದಾಣ ಬಂದಿತು. 2008ರ ‘ಮಮ್ಮಾ ಮಿಯಾ!’ ಚಲನಚಿತ್ರದ ಕೆಲಭಾಗ ಅಲ್ಲಿಯೇ ಚಿತ್ರಿತವಾದ ಮೇಲೆ ಬರುವವರ ಸಂಖ್ಯೆಗೆ ಕೊರತೆಯಿಲ್ಲ. ಪಾಪಾದಿಯಾಮಾಂದಿಸನ ಮನೆ ವಸ್ತುಸಂಗ್ರಹಾಲಯವಾಗಿದೆ. ಎವಾ ನಾಥೆನಾ ನಿರ್ದೇಶಿಸಿದ ‘ಕೊಲೆಗಾತಿ’ 2023ರಲ್ಲಿ ತೆರೆಗೆ ಬಂದಿತು. ಗ್ರೀಸಿನಲ್ಲಿ 1983ರ ಕಾನೂನು ಈ ಕೊಡುಗೆಯ ಪದ್ಧತಿಯನ್ನು ರದ್ದುಗೊಳಿಸಿತು. ನಮ್ಮಲ್ಲಿ ವರದಕ್ಷಿಣೆ ನಿಷೇಧದ ಶಾಸನ 1961ರಲ್ಲಿಯೇ ಬಂದಿದೆ. ಯಾವ ಶಾಸನ ಎಷ್ಟು ಕೆಲಸ ಮಾಡಿದೆಯೆಂಬುದನ್ನು ನಮ್ಮ ತರಗತಿಗಳಲ್ಲಿ ಕುಳಿತ ಹೆಣ್ಣುಮಕ್ಕಳು ನಮಗಿಂತ ಚೆನ್ನಾಗಿ ಬಲ್ಲರು.

ಈ ಕಾದಂಬರಿಯನ್ನು ಕನ್ನಡಕ್ಕೆ ತರಬಯಸುವವರು ಎರಡು ಸಮಸ್ಯೆಗಳನ್ನು ಎದುರಿಸಬೇಕಾಗುತ್ತದೆ. ಮೊದಲನೆಯದು ಶೈಲಿಯದು. ಮೂಲದಲ್ಲಿ ನಿರೂಪಣೆ ‘ಕಥರೆವೂಸಾ’ ಎಂಬ ಗ್ರಾಂಥಿಕ ಗ್ರೀಕಿನಲ್ಲಿದೆ, ಸಂಭಾಷಣೆ ದ್ವೀಪದ ಆಡುಮಾತಿನಲ್ಲಿದೆ. ಗ್ರಾಂಥಿಕವನ್ನು ಗ್ರೀಕ್ ಸರಕಾರ 1976ರಲ್ಲಿ ಕೈಬಿಟ್ಟಿತು. ಆದ್ದರಿಂದ ಅಲ್ಲಿನ ಇಂದಿನ ವಿದ್ಯಾರ್ಥಿಗಳಿಗೇ ಅದು ತೊಡಕು. ಇಂಗ್ಲಿಷ್ ಅನುವಾದದಲ್ಲಿ ಈ ಎರಡು ಪದರಗಳು ಬೆರೆತು ಒಂದಾಗುವುದು ಅನಿವಾರ್ಯ. ಕನ್ನಡಕ್ಕೆ ಆ ಅನಿವಾರ್ಯತೆಯಿಲ್ಲ. ಪ್ರೌಢವಾದ ನಿರೂಪಣೆಯ ನಡುವೆ ಕುಂದಾಪುರದ ಮಾತನ್ನೋ ಉತ್ತರ ಕನ್ನಡದ ಮಾತನ್ನೋ ಆಡುವ ಮುದುಕಿ ನಮ್ಮ ಓದುಗರಿಗೆ ಹೊಸಬಳಲ್ಲ. ಪಾಪಾದಿಯಾಮಾಂದಿಸನ ನಿರೂಪಕನು ಹದೂಲಾಳನ್ನು ಕಂಡು ಬೆಚ್ಚುವುದಕ್ಕೂ ಅವಳನ್ನು ಬಿಟ್ಟುಕೊಡದಿರುವುದಕ್ಕೂ ಈ ಎರಡು ಭಾಷೆಗಳ ಅಂತರವೇ ಅವಕಾಶ ಮಾಡಿಕೊಟ್ಟಿದೆಯಾಗಿ, ಅದನ್ನು ಕಳೆದುಕೊಂಡರೆ ಕೃತಿಯ ಅರ್ಧ ಹೋದಂತೆ.

ಎರಡನೆಯದು ಒಂದೇ ಒಂದು ಶಬ್ದದ ಸಮಸ್ಯೆ. ಮೂಲದ ಶಬ್ದಕ್ಕೆ ಇಂಗ್ಲಿಷಿನಲ್ಲಿ ‘ಡೌರಿ’ ಎಂದಿದ್ದಾರೆ. ಅದನ್ನು ನೋಡಿ ‘ವರದಕ್ಷಿಣೆ’ ಎಂದು ಬರೆಯುವುದು ಸುಲಭ. ಆದರೆ ವರದಕ್ಷಿಣೆ ವರನಿಗೆ ಸಲ್ಲುವುದು. ಅದನ್ನು ಹೆಣ್ಣು ತನ್ನದೆಂದು ಹೇಳಿಕೊಳ್ಳಲಾರಳು. ‘ಸ್ತ್ರೀಧನ’ ಧರ್ಮಶಾಸ್ತ್ರದ ಮಾತು, ಮುಳುಗುತ್ತಿರುವವಳ ಬಾಯಿಗೆ ಬರುವಂಥದಲ್ಲ. ಹೊಲ, ಮನೆ, ದನಗಳ ಸಹಿತ ಮಗಳ ಹೆಸರು ಹಿಡಿದು ತವರು ಕೊಟ್ಟು ಕಳುಹಿಸುವುದಕ್ಕೆ ನಮ್ಮಲ್ಲಿ ‘ಬಳುವಳಿ’ ಎಂಬ ಹಳೆಯ ಮಾತಿದೆ. ಹಳಗನ್ನಡದ ಕವಿಗಳಿಗೂ ಹಳ್ಳಿಯ ಹೆಂಗಸರಿಗೂ ಪರಿಚಿತವಾದ ಮಾತು ಅದು. ನೀರಿನ ನಡುವೆ ನಿಂತು ಆ ಬಂಜರನ್ನು ಕಂಡ ಹದೂಲಾ ಅದನ್ನು ತನ್ನ ಬಳುವಳಿಯೆಂದು ಗುರುತಿಸಬಲ್ಲಳು. ವರದಕ್ಷಿಣೆಯೆಂದು ಬರೆದರೆ ಆ ಕ್ಷಣದಲ್ಲಿ ಅವಳಿಗೆ ತನ್ನದೆನ್ನಲು ಏನೂ ಉಳಿಯುವುದಿಲ್ಲ.